ತೊಟ್ಟಿಲ ಹೊದಿಕೆ

ಮಗು ಚೀರಿದ್ದು ಕೇಳಿ ಸಾಯ್ರಾ ಹಿಟ್ಟು ಮೆತ್ತಿದ ಕೈಯಲ್ಲೇ ಒಳಗೋಡಿದಳು. ಗಂಡ ಮೆದೆರ್ ತೊಟ್ಟಿಲ ಮುಂದೆ ಮೊಣಕಾಲೂರಿ ಹೊದಿಕೆಗಳನ್ನು ಕಿತ್ತು ಕಿತ್ತು ಹಿಂದಕ್ಕೆಸೆಯುತ್ತಿದ್ದ. ಹೊದಿಕೆ ಮುಗಿದರೂ ಕೈ ನಿಲ್ಲಲಿಲ್ಲ. ಊರಿನ ರೂಢಿಯಂತೆ ಮಗುವನ್ನು ತೊಟ್ಟಿಲಿಗೆ ಬಿಗಿದಿದ್ದ ಪಟ್ಟಿಗಳನ್ನು ಉಗುರಿನಿಂದ ಕೆದಕತೊಡಗಿದ.

"ಉಸಿರಿದೆ! ಸಲಿಕೆ ಕೊಡ್ರೋ, ಇನ್ನೂ ಉಸಿರಿದೆ!"

"ಮೆದೆರ್! ಅದು ನಮ್ಮ ಮಗು ಕಣೋ!"

ಅವನು ಅವಳ ಮುಖವನ್ನೇ ನೋಡಿದ. ಗುರುತು ಹತ್ತಲು ಬಹಳ ಹೊತ್ತು ಹಿಡಿಯಿತು. ಮಗುವಿನ ತೋಳಿನ ಮೇಲೆ ಕೆಂಪು ಗೀರುಗಳೆದ್ದಿದ್ದವು.

ಹಿಂದಿನ ಚಳಿಗಾಲದಲ್ಲಿ ಕಣಿವೆ ರಸ್ತೆಯ ಹಿಮ ತೆಗೆಯುವಾಗ ಗುಡ್ಡದ ಹಿಮವೇ ಜಾರಿ ಬಂದು ಅವನನ್ನೂ ಗೆಳೆಯ ಎಸೆನ್‌ನನ್ನೂ ಹೂತುಹಾಕಿತ್ತು. ಮೆದೆರ್ ಹೊರಬಂದ, ಎಸೆನ್‌ಗಾಗಿ ಬರಿಗೈಯಲ್ಲಿ ಅಗೆದ, ಸಿಕ್ಕಿದ್ದು ಹೆಣ. ರಸ್ತೆ ಇಲಾಖೆಯವರು ಮೆದೆರ್‌ಗೆ ಗೋಡೆ ಗಡಿಯಾರ ಕೊಟ್ಟು ಚಪ್ಪಾಳೆ ತಟ್ಟಿದರು. ಅದೃಷ್ಟವಂತ ಎಂದಿತು ಊರು. ಆ ಅದೃಷ್ಟವಂತ ಅಂದಿನಿಂದ ಬಾಗಿಲ ಬಳಿ ಸಲಿಕೆ ಇಟ್ಟುಕೊಂಡು ಕೂತೇ ನಿದ್ದೆ ಮಾಡುತ್ತಿದ್ದ. ಅಂಗಳದ ಹಿಮ ಕರಗಿ ಹುಲ್ಲು ಬಂದರೂ ಸಲಿಕೆ ಅಲ್ಲಿಂದ ಕದಲಲಿಲ್ಲ. ಇನ್ನು ಅಪ್ಪನನ್ನೂ ಮಗಳನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ಹೋಗಲು ಸಾಯ್ರಾಗೆ ಭಯ. ಆ ಭಯಕ್ಕೆ ತನ್ನ ಮೇಲೇ ಹೇಸಿಗೆ.

"ಎದೆ ಬಿದ್ದಿದೆ, ಅಷ್ಟೇ" ಎಂದಳು ಅತ್ತೆ ಬಾತ್ಮಾ. ಬೆಚ್ಚಿದವರಿಗೆ ಆ ಕಡೆ ಹೇಳುವ ಮಾತೇ ಅದು. ಬಿದ್ದ ಎದೆಯನ್ನು ಎತ್ತಿ ಕೂರಿಸುವ ಮುದುಕಿಯರೂ ಇದ್ದರು.

"ಆಪಾ, ಪೇಟೆ ಆಸ್ಪತ್ರೇಲಿ ಮನಸ್ಸಿನ ಡಾಕ್ಟರ್ ಇದಾರಂತೆ" ಎಂದಳು ಸಾಯ್ರಾ. ಅತ್ತೆಯನ್ನು ಅವಳು ಗಂಡನಂತೆಯೇ ಆಪಾ, ಅಂದರೆ ಅಮ್ಮ, ಎನ್ನುತ್ತಿದ್ದಳು.

"ಹುಚ್ಚರ ಡಾಕ್ಟರಾ? ಆಮೇಲೆ ನಿನ್ನ ಮಗಳನ್ನ ಯಾರೇ ಮದುವೆ ಆಗ್ತಾರೆ?"

"ಅವಳಿಗಿನ್ನೂ ಹಲ್ಲೇ ಬಂದಿಲ್ಲ, ಆಪಾ."

"ಬರುತ್ತೆ. ನೀನು ಸುಮ್ನಿರು."

ಮರುದಿನ ಮಧ್ಯಾಹ್ನ ಅಂಥವರಲ್ಲೊಬ್ಬಳಾದ ಸುಯುನ್ ಅಜ್ಜಿ ಬಂದಳು. ಒಲೆಯ ಮೇಲೆ ಸೀಸ ಕರಗಿತು; ಅದನ್ನು ತಲೆಯ ಮೇಲೆ ಹಿಡಿದ ನೀರಿಗೆ ಸುರಿದರೆ ಹೆದರಿಕೆ ಇಳಿಯುತ್ತದೆಂಬ ನಂಬಿಕೆ. ಮೆದೆರ್‌ನನ್ನು ನೆಲಕ್ಕೆ ಕೂರಿಸಿ, ವಾಡಿಕೆಯಂತೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಮುಚ್ಚಿದರು. ಅವನ ನೆತ್ತಿಯ ಮೇಲೆ ಬಾತ್ಮಾ ತಣ್ಣೀರಿನ ಬೋಗುಣಿ ಹಿಡಿದಳು. ಬಿಳಿ ಬಟ್ಟೆಯೊಳಗೆ ಅವನ ಉಸಿರು ಜೋರಾದದ್ದು ಸಾಯ್ರಾಗೆ ಕೇಳಿಸಿತು.

"ಅಜ್ಜಿ, ಬೇಡ. ಬಟ್ಟೆ ತೆಗೀರಿ" ಎಂದಳು.

"ಬಾಯ್ಮುಚ್ಚೇ, ಮಂತ್ರ ಕೆಡುತ್ತೆ!"

ಸೀಸ ನೀರಿಗೆ ಬಿದ್ದು ಚುಸ್ಸೆಂದಿತು. ಬೋಗುಣಿ ಹಾರಿತು. ಬಟ್ಟೆ ಹರಿದುಕೊಂಡು ಎದ್ದ ಮೆದೆರ್ ತಾಯಿಯನ್ನು ಕೆಡವಿ, ಅವಳ ತಲೆಯ ಬಿಳಿ ವಸ್ತ್ರವನ್ನು ಎರಡೂ ಕೈಗಳಿಂದ ಬಗೆಯತೊಡಗಿದ. "ಮುಖ ಕಾಣ್ತಿದೆ! ಎಸೆನ್, ಮುಖ ಕಾಣ್ತಿದೆ ಕಣೋ!" ವಸ್ತ್ರದ ಜತೆ ನರೆಗೂದಲೂ ಕಿತ್ತು ಬಂತು. ಸುಯುನ್ ಅಜ್ಜಿ ಚಪ್ಪಲಿ ಬಿಟ್ಟು ಓಡಿದಳು.

ಸಾಯ್ರಾ ಹಿಂದಿನಿಂದ ತಬ್ಬಿ ಹಿಡಿದ ಮೇಲೆ ಅವನಿಗೆ ತನ್ನ ಕೈಯಲ್ಲಿದ್ದ ಕೂದಲು ಕಾಣಿಸಿತು.

"ಇವತ್ತು ಸಿಕ್ಕಿದ್ದು ನೀವು ಆಪಾ" ಎಂದ. "ನಾಳೆ ಮಗು ಆದ್ರೆ?"

ಬಾತ್ಮಾ ನೆಲದಿಂದೇಳಲಿಲ್ಲ. ತಲೆ ಮುಚ್ಚಿಕೊಳ್ಳಲೂ ಇಲ್ಲ. "ಟ್ಯಾಕ್ಸಿಗೆ ಹೇಳೇ ಸಾಯ್ರಾ" ಎಂದಳು. "ಯಾರಾದ್ರೂ ಕೇಳಿದ್ರೆ ಹಲ್ಲು ಕೀಳಿಸೋಕೆ ಅನ್ನು."

ಆಸ್ಪತ್ರೆಯಲ್ಲಿ ಡಾಕ್ಟರ್ ನಾರ್ಗಿಜಾ ಬಾಗಿಲನ್ನು ತೆರೆದೇ ಇಟ್ಟು, ಅವನನ್ನು ಅದರ ಬಳಿಯೇ ಕೂರಿಸಿದಳು. ಏನಾಯಿತೆಂದು ಮೊದಲ ದಿನ ಕೇಳಲೂ ಇಲ್ಲ. ಹೊರಡುವಾಗ ಮೆದೆರ್ ತಾನೇ ಕೇಳಿದ: "ನನಗೆ ಹುಚ್ಚಾ?"

"ಅಲ್ಲ. ನೀವು ಮನೆಗೆ ಬಂದ್ರಿ. ನಿಮ್ಮ ಕೈ ಇನ್ನೂ ಅಲ್ಲೇ ಅಗೀತಿದೆ. ನಿಲ್ಲಿಸೋದನ್ನ ಕಲಿಸೋಣ. ಆದ್ರೆ ಸಮಯ ಹಿಡಿಯುತ್ತೆ."

ವಾರ ವಾರ ಹೋದರು. ಎಸೆನ್ ಹಿಮದಡಿಯಿಂದ ಬಡಿಯುತ್ತಿದ್ದನೆಂದೂ, ತಾನು ಬೇರೆ ದಿಕ್ಕಿಗೆ ಅಗೆದೆನೆಂದೂ ಮೆದೆರ್ ಅಲ್ಲಿ ಹೇಳಿದ. ಹೆಂಡತಿಗೂ ಹೇಳದ ಮಾತು ಅದು. ಅಂದು ಮನೆಗೆ ಬಂದವನು ಸಂಜೆಯವರೆಗೆ ಸಲಿಕೆಯ ಪಕ್ಕದಲ್ಲೇ ಕೂತಿದ್ದ. ಇತ್ತ ಪಕ್ಕದ ಮನೆಯವಳು ಬೇಲಿಯಾಚೆಯಿಂದ, "ಎಷ್ಟು ಹಲ್ಲೇ ನಿನ್ನ ಮಗನಿಗೆ?" ಎಂದು ಕೆಣಕಿದಾಗ, "ನಿನ್ನ ನಾಲಿಗೆಗಿಂತ ಕಮ್ಮಿ" ಎಂದು ಬಾತ್ಮಾ ಬಾಯಿ ಮುಚ್ಚಿಸಿದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಮೆದೆರ್, "ಇವತ್ತು ನಾನೇ ಹೊದಿಸ್ತೀನಿ" ಎಂದ. ಡಾಕ್ಟರ್ ಹೇಳಿಕೊಟ್ಟಿದ್ದಳಂತೆ. ಸಾಯ್ರಾ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಪಟ್ಟಿ ಬಿಗಿದು ಪಕ್ಕಕ್ಕೆ ಸರಿದಳು. ಬಾತ್ಮಾ ಬಾಗಿಲಲ್ಲಿ ನಿಂತಳು.

ಅವನು ಮೊದಲ ಬಟ್ಟೆ ಹೊದಿಸಿದ. ಕೈ ಒಳಗಿಟ್ಟು ಮಗುವಿನ ಉಸಿರು ನೋಡಿದ. ಎರಡನೆಯದು ಬಿಳಿಯದು. ಅದನ್ನು ಬಿಡಿಸಿ ತೊಟ್ಟಿಲ ಮೇಲೆ ಹಿಡಿದ ಕೈಗಳು ಅಲ್ಲೇ ನಿಂತವು. ಬೆರಳುಗಳು ಮಡಚಿಕೊಂಡವು. ಸಾಯ್ರಾ ಒಂದು ಹೆಜ್ಜೆ ಮುಂದಿಟ್ಟಳು.

"ಇರು" ಎಂದ, ತಿರುಗದೆ.

ಬಟ್ಟೆ ಇಳಿಯಿತು. ಅದರ ಒಂದು ಅಂಚನ್ನು ಮಾತ್ರ ಮೇಲೆತ್ತಿ ಹಿಡಿದು, ಮಗು ಏಳುವವರೆಗೂ ಅವನು ಹಾಗೇ ಕೂತಿದ್ದ.