ಕತ್ತರಿಸಿದ ಒಂದೂವರೆ ನಿಮಿಷ

ಅಳಬೇಡಿ, ಎಣಿಸಿ ಎಂದು ಬದ್ರುದ್ದೀನ್ ಸರ್ ಹೇಳುತ್ತಿದ್ದರು. ಮಂಗಳೂರಿನ ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು ಸಾವಿರದ ಒಂಬೈನೂರ ಅರವತ್ತೇಳರಲ್ಲಿ, ಶನಿವಾರ ಮಧ್ಯಾಹ್ನಗಳಲ್ಲಿ, ಹತ್ತು ಮಂದಿಗೆ ಸಿನಿಮಾ ನೋಡುವುದನ್ನು ಕಲಿಸತೊಡಗಿದರು. ಒಂದೊಂದು ಶಾಟ್ ಎಷ್ಟು ಹೊತ್ತು ನಿಲ್ಲುತ್ತದೆ, ಕ್ಯಾಮೆರಾ ಎಲ್ಲಿದೆ, ಏನನ್ನು ತೋರಿಸದೆ ಬಿಟ್ಟರು, ಯಾಕೆ ಬಿಟ್ಟರು. ನನಗೆ ಇದರ ಹುಚ್ಚು ಹಿಡಿಯಿತು. ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುವಾಗಲೂ ಕಂಡದ್ದನ್ನೆಲ್ಲ ಶಾಟ್ ಶಾಟ್ ಮಾಡಿ ಎಣಿಸುತ್ತ ನಿಲ್ಲುತ್ತಿದ್ದೆ.

ಉಳಿದವರಿಗಿಲ್ಲದ ಒಂದು ಅನುಕೂಲ ನನಗಿತ್ತು. ನನ್ನ ಅಪ್ಪ ಧರ್ಣಪ್ಪ ಟೂರಿಂಗ್ ಟಾಕೀಸಿನ ಆಪರೇಟರ್. ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳ ಎಂದು ಟೆಂಟ್ ಹೋದಲ್ಲೆಲ್ಲ ಮೆಷಿನ್ ಓಡಿಸಲು ಅವರೂ ಹೋಗುತ್ತಿದ್ದರು. ಬೇಕಾದಷ್ಟು ಸಲ ನಾನು ಪುಕ್ಕಟೆ ನೋಡಬಹುದಿತ್ತು.

ವಿಶ್ವವಿದ್ಯಾಲಯದವರು ಬೇಸಿಗೆಯಲ್ಲಿ ಆರು ವಾರ ಚಿತ್ರ ವಿಶ್ಲೇಷಣೆ ಕಲಿಸುತ್ತಾರೆ, ಒಳ್ಳೆಯ ಪ್ರಬಂಧ ಬರೆದ ಒಬ್ಬನನ್ನು ಕಳಿಸುತ್ತೇನೆ ಎಂದು ಸರ್ ಹೇಳಿದ್ದೇ ತಡ, ಆ ಸೀಟು ನನಗೇ ಸಿಗಬೇಕು ಎಂದು ಹಟ ಹಿಡಿದೆ. ಮೂಡುಬಿದಿರೆಯ ಟೆಂಟಿನಲ್ಲಿ ಒಂದು ಹಳೆಯ ಚಿತ್ರವನ್ನು ಮೂರು ಸಲ ನೋಡಿದೆ. ಹೆಂಡತಿ ಕಾಯಿಲೆ ಬಿದ್ದಿದ್ದಾಳೆ, ಗಂಡ ಊರಲ್ಲಿಲ್ಲ. ಅವಳು ಬಾಗಿಲಿನ ಕಡೆ ಮುಖ ತಿರುಗಿಸುತ್ತಾಳೆ. ಮರುಕ್ಷಣ ಖಾಲಿ ಮಂಚ. ಸಾವನ್ನು ತೋರಿಸದೆಯೇ ಸಾಯಿಸಿದ ನಿರ್ದೇಶಕ ಎಂಥ ಜಾಣ ಎಂದು ಹದಿನಾಲ್ಕು ಪುಟ ಬರೆದೆ. ಸರ್ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರು. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮುಂದಿನ ಸೋಮವಾರ ಸರ್ ತಮ್ಮ ಕೋಣೆಗೆ ಕರೆದರು.

"ಕಮಲಾಕ್ಷ, ಆ ಸಿನಿಮಾ ನಿನ್ನೆ ಇಲ್ಲಿ ಬೆಳಗ್ಗಿನ ಶೋಗೆ ಹಾಕಿದ್ರು, ನೋಡಿದೆ. ಅವಳು ಸಾಯ್ಲಿಕ್ಕೆ ಒಂದೂವರೆ ನಿಮಿಷ ಹಿಡಿಯುತ್ತದೆ. ಬಂದರಾ, ಬಂದರಾ ಅಂತ ಮೂರು ಸಲ ಗಂಡನನ್ನು ಕೇಳ್ತಾಳೆ. ನೀನು ನೋಡಿದ್ದು ಯಾವ ಸಿನಿಮಾ?"

"ಟೆಂಟಿನಲ್ಲಿ ಅದು ಇರಲಿಲ್ಲ ಸರ್."

"ಹಾಗಾದ್ರೆ ಯಾರೋ ಕತ್ತರಿಸಿದ್ದಾರೆ. ಯಾರು, ಯಾಕೆ ಅಂತ ತಿಳಿದುಕೊಂಡು ಬಾ. ಅದನ್ನೂ ಬರೆದು ನಿನ್ನ ಹೆಸರು ಕಳಿಸ್ತೇನೆ. ಇಲ್ಲದಿದ್ರೆ ನೋಡದೆ ಬರೆದ ಹಾಗಾಗ್ತದೆ."

ಮರುದಿನ ಮಧ್ಯಾಹ್ನ ಮೂಡುಬಿದಿರೆಗೆ ಹೋದೆ. ಅಪ್ಪ ಟೆಂಟಿನಲ್ಲಿ ಒಬ್ಬರೇ ಕೂತು ರೀಲು ಸುತ್ತುತ್ತಿದ್ದರು.

"ಆ ಹೆಂಗಸು ಸಾಯುವ ತುಂಡು ಎಲ್ಲಿ ಅಪ್ಪ?"

ಅವರು ತಲೆ ಎತ್ತಲಿಲ್ಲ. "ಪ್ರಿಂಟ್ ವಾಪಸು ಕಳಿಸುವಾಗ ಸೇರಿಸ್ತೇನೆ. ಟಾಕೀಸಿನ ಧಣಿಗಳಿಗೆ ಹೇಳ್ಬೇಡ ಮಾರಾಯ, ಕೆಲಸ ಹೋಗ್ತದೆ."

"ಕತ್ತರಿಸಿದ್ದು ಯಾಕೆ?"

"ದಿನಾ ನೋಡ್ಲಿಕ್ಕೆ ಆಗುದಿಲ್ಲ ನನಗೆ." ಸುತ್ತುವ ಕೈ ನಿಂತಿತು. "ನಿನ್ನ ಅಮ್ಮ ಹೋದ ದಿನ ಮುಂಡಾಜೆಯ ಮನೆಯಿಂದ ಒಬ್ಬ ಜನ ಬಂದಿದ್ದ. ನಿನ್ನನ್ನೇ ಕೇಳ್ತಾ ಇದ್ದಾಳೆ, ಈಗಲೇ ಹೊರಡ್ಬೇಕು ಅಂದ. ಬೆಳ್ತಂಗಡಿಯ ಟೆಂಟ್ ತುಂಬ ಜನ. ಇನ್ನು ಎರಡು ರೀಲ್ ಉಂಟು, ಮುಗಿಸಿ ಬರ್ತೇನೆ ಅಂದೆ."

ಅಮ್ಮ ನೀಲಾವತಿ ಜ್ವರದಲ್ಲಿ ತೀರಿಕೊಂಡಾಗ ನನಗೆ ಹತ್ತು ವರ್ಷ. ಅಪ್ಪನಿಗೆ ಸುದ್ದಿ ತಡವಾಗಿ ತಲುಪಿತು ಎಂದೇ ಒಂಬತ್ತು ವರ್ಷ ನನ್ನನ್ನು ನಂಬಿಸಿದ್ದರು. ಅಮ್ಮನ ಬದಿಯಲ್ಲಿ ಕೂತಿದ್ದವನು ನಾನು. "ಅಪ್ಪ ಬಂದ್ರಾ ನೋಡು" ಎಂದು ಅವಳು ಕೇಳಿದಾಗಲೆಲ್ಲ ಅಂಗಳಕ್ಕೆ ಓಡಿ, ಇಲ್ಲ ಎಂದು ಬಂದು ಹೇಳಿದವನೂ ನಾನೇ. ಆ ಮಧ್ಯಾಹ್ನ ನಾನು ಅಪ್ಪನ ಮೇಲೆ ಕೈ ಎತ್ತದೆ ಇದ್ದದ್ದೇ ದೊಡ್ಡದು.

ಅವರು ಬಿಸ್ಕತ್ತಿನ ಡಬ್ಬಿಯಿಂದ ಫಿಲ್ಮಿನ ಸುರುಳಿ ತೆಗೆದು ಕೊಟ್ಟರು. "ತಕೊಂಡು ಹೋಗಿ ನಿನ್ನ ಸರ್‌ಗೆ ತೋರಿಸು. ಧರ್ಣಪ್ಪನೇ ಕತ್ತರಿಸಿದ್ದು ಅಂತ ಹೇಳು. ನಿನ್ನ ಸೀಟು ಹೋಗ್ಬಾರ್ದು."

ಹೇಳಿಯೇ ಬಿಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಬಸ್ಸು ಹತ್ತಿದೆ. ಕೆಲಸ ಹೋದರೆ ಹೋಗಲಿ, ಅವರಿಗೆ ಅಷ್ಟಾದರೂ ಆಗಲಿ ಎಂದೇ ದಾರಿಯುದ್ದಕ್ಕೂ ಕುದಿಯುತ್ತಿದ್ದೆ.

ಮರುದಿನ ಬೆಳಗ್ಗೆ ಬದ್ರುದ್ದೀನ್ ಸರ್ ತಮ್ಮ ಕೋಣೆಯಲ್ಲಿ ಕಾಗದ ಮುಂದಿಟ್ಟುಕೊಂಡು ಪೆನ್ನು ಹಿಡಿದರು. "ಯಾರಂತೆ? ಯಾಕೆ ಕತ್ತರಿಸಿದ್ದಂತೆ?"

ಯಾರು ಎಂಬುದು ನಾಲಗೆಯ ತುದಿಯಲ್ಲೇ ಇತ್ತು. ಯಾಕೆ ಎಂಬುದು ಮಾತ್ರ ಬಾಯಿಂದ ಹೊರಡಲಿಲ್ಲ. ಶನಿವಾರದ ತರಗತಿಯಲ್ಲಿ ಇದನ್ನೂ ಗಟ್ಟಿಯಾಗಿ ಓದಿಸುತ್ತಾರೆ, ಹತ್ತು ಮಂದಿ ಕೂತು ನನ್ನ ಅಮ್ಮನ ಸಾವನ್ನೂ ಎಣಿಸುತ್ತಾರೆ ಎಂದು ನೆನೆದು ಮೈಯೆಲ್ಲ ಉರಿಯಿತು.

"ನಾನು ಸಿನಿಮಾ ಪೂರ್ತಿ ನೋಡಲಿಲ್ಲ ಸರ್. ಊಹೆಯಲ್ಲಿ ಬರೆದೆ."

ಅವರು ಪೆನ್ನಿನ ಮುಚ್ಚಳ ಹಾಕಿದರು. ಸೀಟು ಬೇರೆಯವನ ಪಾಲಾಯಿತು.

ಅಪ್ಪನನ್ನು ಕ್ಷಮಿಸಿದ್ದೆ ಎಂದು ಯಾರೂ ತಿಳಿಯಬೇಡಿ. ಅದೇ ಸಂಜೆ ಟೆಂಟಿಗೆ ಹೋಗಿ ಸುರುಳಿಯನ್ನು ಅವರ ಮುಂದೆ ಕುಕ್ಕಿದೆ.

"ಇದನ್ನು ಸೇರಿಸಿ. ಇವತ್ತೇ ಹಾಕಿ. ನೀವು ನೋಡ್ಬೇಕು."

"ಸೀಟು?"

"ಸಿಗಲಿಲ್ಲ."

ಅವರು ಅಂಟು ಹಚ್ಚಿ ತುಂಡನ್ನು ಕೂಡಿಸಿದರು. ನಾನು ಹಿಂದಿನ ಬೆಂಚಿನಲ್ಲಿ, ಮೆಷಿನ್ ಇಟ್ಟಿದ್ದ ಕೋಣೆಗೆ ಬೆನ್ನು ಹಾಕಿ ಕೂತೆ. ಪರದೆಯ ಮೇಲೆ ಆ ಹೆಂಗಸು ಬಾಗಿಲಿನ ಕಡೆ ತಿರುಗಿ, ಬಂದರಾ ಎಂದಳು. ತುಸು ತಡೆದು ಮತ್ತೆ ಕೇಳಿದಳು. ಮೂರನೆಯ ಸಲ ಕೇಳುವಾಗ ಅವಳ ಸ್ವರ ಅಡಗಿಹೋಗಿತ್ತು, ಟೆಂಟಿನಲ್ಲಿ ಯಾರೂ ಕೆಮ್ಮಲಿಲ್ಲ. ಆಗ ನನ್ನ ಹಿಂದಿನಿಂದ ಅಪ್ಪನ ಸ್ವರ ಕೇಳಿಸಿತು.

"ಬಂದೆ ನೀಲಾವತಿ."

ಜನ ತಿರುಗಿ ನೋಡಿ ಗೊಳ್ಳೆಂದು ನಕ್ಕರು. ಆಪರೇಟರ್ ಕುಡಿದಿದ್ದಾನೆ ಎಂದು ಯಾರೋ ಅಂದರು. ನನ್ನ ಅಪ್ಪ ಒಂದು ದಿನವೂ ಕುಡಿದವರಲ್ಲ ಎಂದು ಜಗಳಕ್ಕೆ ಎದ್ದು ನಿಂತೆ. ಬಾಯಿ ತೆರೆದರೆ ಅಳು ಬಂತು.