ಮುಗಿಯದ ಆಟದ ಗೆಲುವು

ಗೋಕಾಕದ ಕರದಂಟಿನ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಕೂತು, ಅಮೆರಿಕದ ಡೆಲವೇರ್ ಹೆರಾನ್ಸ್ ಎಂಬ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲ್ ತಂಡ ಯಾವ ಹಂಗಾಮಿನಲ್ಲಿ ಎಷ್ಟು ಗೆದ್ದಿತು, ಎಷ್ಟು ಸೋತಿತು ಎಂದು ಬರೆದಿಡುವ ಕೆಲಸವೂ ಈ ಲೋಕದಲ್ಲಿ ಇದೆ ಎಂದರೆ ಸುಮನಳ ಊರಾದ ಅಂಕಲಗಿಯಲ್ಲಿ ನಂಬುವವರು ಕಡಿಮೆ. ಆ ಕೆಲಸಕ್ಕೆ ಸೇರಿದ ಸುಮನಳ ಅವ್ವ ಸಾವಂತ್ರೆವ್ವನೇ ನಂಬಿರಲಿಲ್ಲ. ಹೆರಾನ್ ಅಂದರೆ ಕೊಕ್ಕರೆ ಎಂದು ಮಗಳು ಹೇಳಿದ್ದೇ ತಡ, "ಕೊಕ್ಕರಿ ಎಣಸೂದಕ್ಕ ಪಗಾರ ಕೊಡತಾರಂತ, ಕೇಳ್ರೆವ್ವಾ" ಎಂದು ಓಣಿಗೆಲ್ಲ ಸಾರಿದ್ದಳು. ನಗುತ್ತಲೇ ಸಾರಿದ್ದಳು, ಹೆಮ್ಮೆಯೂ ಇತ್ತು.

ಆಫೀಸಿನ ಯಜಮಾನ ಗುರುಪಾದ. ಆ ತಂಡದವರು ತಮ್ಮ ವೆಬ್‌ಸೈಟಿಗೆ ಬೇಕಾದ ಪಟ್ಟಿಯ ಕೆಲಸವನ್ನು ಇವನಿಗೆ ಗುತ್ತಿಗೆ ಕೊಟ್ಟಿದ್ದರು. ಅಲ್ಲಿಯ ಅಭಿಮಾನಿಗಳು ಅಜ್ಜನ ಕಾಲದ ಹಂಗಾಮುಗಳನ್ನೂ ಬಾಯಿಪಾಠ ಒಪ್ಪಿಸುವ ಜನ. ಒಂದು ಅಂಕಿ ತಪ್ಪಿದರೆ ಜೇನುಗೂಡಿಗೆ ಕಲ್ಲು ಬಿದ್ದಂತೆ ಏಳುತ್ತಿದ್ದರು. ಅದಕ್ಕೇ ಗುರುಪಾದನದು ಒಂದೇ ಕಟ್ಟಳೆ: "ರಾಶಿ ಮುಗಿಯೂತನಾ ಅಳೀಬಾರದು." ಆಟ ಮುಗಿಯಿತೆಂದು ಪರದೆಯ ಮೇಲೆ ಬರುವ ತನಕ ಫಲಿತಾಂಶ ಬರೆಯಕೂಡದು. ದೀಪಾವಳಿಯ ಹೊತ್ತಿಗೆ ಲಗಮಣ್ಣ ಎಂಬುವನು ಊರಿಗೆ ಹೋಗುವ ಅವಸರದಲ್ಲಿ ಮೊದಲೇ ಬರೆದು ಎದ್ದಿದ್ದ. ಪಾಪ, ಆಟ ಅವನು ಬರೆದಂತೆಯೇ ಮುಗಿದಿತ್ತು. ಆದರೂ ಮರುದಿನ ಅವನನ್ನು ಮೆಟ್ಟಿಲು ಹತ್ತಿಸಲಿಲ್ಲ.

ಎಳ್ಳ ಅಮಾವಾಸ್ಯೆ ಆ ಸಲ ಸೋಮವಾರ ಬಂತು. ಅಮೆರಿಕದ ಭಾನುವಾರ ರಾತ್ರಿಯ ಆಟ ನಮಗೆ ಸೋಮವಾರ ಬೆಳಗಿನದು, ಅದೂ ಹೆರಾನ್ಸ್‌ನ ಹಂಗಾಮಿನ ಕೊನೆಯ ಆಟ. ಬರೆಯುವ ಪಾಳಿ ಸುಮನಳ ಜೊತೆ ಕೆಲಸ ಮಾಡುವ ರಾಜೇಶ್ವರಿಯದು. ತಮ್ಮ ನಾಗನೂರಿನ ಹೊಲಕ್ಕೆ, ಭೂತಾಯಿಗೆ ಎಡೆಯೆಂದು ಚರಗ ಚೆಲ್ಲಲು ಆಫೀಸಿನವರನ್ನೆಲ್ಲ ಕರೆದವಳೂ ಅವಳೇ. "ಬುತ್ತಿ ಎಲ್ಲಾ ಕ್ರೂಸರ್ ಗಾಡಿಗೆ ಏರಸಬೇಕವಾ. ನೀ ನನ್ನ ಕುರ್ಚಿ ಮ್ಯಾಲೆ ಕುಂತು ಆಟ ಮುಗಿಸಿ ಬಾ" ಎಂದು ಸುಮನಳನ್ನು ಕೂರಿಸಿ ಕೆಳಗಿಳಿದಳು. ಕಂಪ್ಯೂಟರಿನಲ್ಲಿ ರಾಜೇಶ್ವರಿಯ ಹೆಸರಿನ ಖಾತೆಯೇ ತೆರೆದಿತ್ತು.

ಹೆರಾನ್ಸ್ ಮುಂದಿತ್ತು, ಇಪ್ಪತ್ತಕ್ಕೆ ಹದಿನೇಳು. ಉಳಿದದ್ದು ಎರಡು ನಿಮಿಷ. ಆದರೆ ಆ ಆಟದ ಎರಡು ನಿಮಿಷವೆಂದರೆ ನಮ್ಮ ಬಸ್ ಕಂಡಕ್ಟರನ 'ಈಗ ಬಿಡತೇನಿ' ಇದ್ದ ಹಾಗೆ. ಗಳಿಗೆಗೊಮ್ಮೆ ಗಡಿಯಾರ ನಿಲ್ಲಿಸುತ್ತಾರೆ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ, ನೀರು ಕುಡಿಯುತ್ತಾರೆ. ಕೆಳಗೆ ರಾಜೇಶ್ವರಿಯ ಗಂಡ ಈಶ್ವರ ಹಾರ್ನ್ ಹೊಡೆದ. ಮತ್ತೆ ಹೊಡೆದ. ಗಾಡಿಯ ಇಂಜಿನ್ ಚಾಲೂ ಆದ ಸದ್ದು ಕೇಳಿತು.

ಸುಮನ ಪಕ್ಕದ ಕಿಟಕಿಯಿಂದ ಕೆಳಗೆ ನೋಡಿದಳು. ಚಿಕ್ಕಂದಿನಲ್ಲಿ ಅವಳಿಗೆ ಎಳ್ಳ ಅಮಾವಾಸ್ಯೆಯೆಂದರೆ ಸಂಜೆಯ ಹಬ್ಬ. ಅವ್ವ ಕೂಲಿಗೆ ಹೋಗುವ ಹೊಲದಲ್ಲಿ ಎಲ್ಲರ ಊಟ ಮುಗಿದ ಮೇಲೆ, ಉಳಿದ ಹೋಳಿಗೆ, ರೊಟ್ಟಿ ಸೆರಗಿನಲ್ಲಿ ಮನೆಗೆ ಬರುತ್ತಿದ್ದವು. ಹೊಲದಲ್ಲೇ, ಎಲ್ಲರ ಸಾಲಿನಲ್ಲಿ ಕೂತು ಉಣ್ಣು ಬಾ ಎಂದು ಯಾರೂ ಕರೆದಿರಲಿಲ್ಲ. ಈಗ ಕರೆದಿದ್ದಾರೆ, ಗಾಡಿ ಹೊರಟಿದೆ. ಅವಳು ಹೆರಾನ್ಸ್ ಗೆದ್ದಿತೆಂದು ಒತ್ತಿದಳು. ಹಂಗಾಮಿನ ಸಾಲಿನಲ್ಲಿ ಹತ್ತು ಗೆಲುವು, ಏಳು ಸೋಲು ಎಂದು ಮೂಡಿತು. ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಬಂದು ಗಾಡಿಯ ಹಿಂದಿನ ಸೀಟಿನಲ್ಲಿ ತೂರಿಕೊಂಡಳು.

ಹೊಲದಲ್ಲಿ ರಾಜೇಶ್ವರಿಯ ಅತ್ತೆ ಕಾಶೆವ್ವ ಬನ್ನಿ ಗಿಡದ ಬುಡದ ಕಲ್ಲುಗಳಿಗೆ ಪೂಜೆ ಮಾಡಿ ಮುಗಿಸಿದ್ದಳು. ಈಶ್ವರ ಬುಟ್ಟಿ ಹೊತ್ತು ಜೋಳದ ನಡುವೆ ಚರಗ ಚೆಲ್ಲುತ್ತ ಹೋದ. ಸುಮನ ಕೈ ತೊಳೆಯಲು ಬೋರಿನ ಹತ್ತಿರ ಹೋದಳು. ಆ ಹೊಲದಲ್ಲಿ ಫೋನಿಗೆ ರೇಂಜ್ ಸಿಗುವುದು ಅಲ್ಲಿ ಮಾತ್ರ. ಕೈಯಲ್ಲಿದ್ದ ಫೋನು ನಡುಗಿತು. ನೋಡಿದಳು. ಕೊನೆಯ ಎಸೆತದಲ್ಲಿ ಎದುರಾಳಿಯೊಬ್ಬ ಗೆರೆಯಾಚೆ ಚೆಂಡು ಹಿಡಿದು ಬಿದ್ದಿದ್ದ. ಆ ಒಂದಕ್ಕೇ ಆರು ಅಂಕ: ಹೆರಾನ್ಸ್ ಇಪ್ಪತ್ತು, ಎದುರಾಳಿ ಇಪ್ಪತ್ತಮೂರು. ಸೋತಿತ್ತು.

ಕೆಲಸ ಹೋಗುತ್ತದೆ ಎಂಬುದು ಮೊದಲ ಹೆದರಿಕೆ. ಅದರ ಬೆನ್ನಿಗೇ ಅದಕ್ಕಿಂತ ದೊಡ್ಡದು ಬಂತು: ತಪ್ಪಿನ ಮೇಲೆ ಇರುವ ಹೆಸರು ರಾಜೇಶ್ವರಿಯದು. ಹೊರಗೆ ಹೋಗುವವಳು ರಾಜೇಶ್ವರಿ, ಇವತ್ತು ಹೊಲಕ್ಕೆ ಕರೆದು ಉಣ್ಣಿಸುತ್ತಿರುವವಳು. ಸುಮ್ಮನಿದ್ದರೆ ಸುಮನ ಉಳಿಯುತ್ತಾಳೆ. ಈ ವಿಚಾರ ತನಗೆ ಹೊಳೆದದ್ದಕ್ಕೇ ಅವಳಿಗೆ ಇನ್ನಷ್ಟು ಭಯವಾಯಿತು.

ಹೊಲಕ್ಕೆ ಬಂದಿದ್ದ ಗುರುಪಾದನ ಫೋನು ಅವನ ಅಂಗಿಯ ಜೇಬಿನಲ್ಲಿತ್ತು. ಅವನು ಬೋರಿನ ಕಡೆ ಬಾರದಿದ್ದರೆ ಸದ್ಯಕ್ಕೆ ಯಾರಿಗೂ ಗೊತ್ತಾಗುವುದಿಲ್ಲ. ಅವನು ಕೈ ತೊಳೆಯಲು ಏಳುತ್ತಿದ್ದಂತೆ ಸುಮನ ತಂಬಿಗೆ ತುಂಬಿಕೊಂಡು ಓಡಿ ಬಂದಳು. "ಕುಂಡ್ರ್ರಿ ಸರ್, ಇಲ್ಲೇ ನೀರು ಹಾಕತೇನಿ." ಅವನೊಬ್ಬನಿಗೇ ಹಾಕಿದರೆ ಅನುಮಾನ ಬಂದೀತೆಂದು ಸಾಲಿನಲ್ಲಿ ಇದ್ದವರಿಗೆಲ್ಲ ಹಾಕಿದಳು. ಅವಸರಕ್ಕೆ ಒಬ್ಬಿಬ್ಬರ ಮೈ ಮೇಲೂ ಚೆಲ್ಲಿದಳು.

"ಎಂಥಾ ಚೊಲೊ ಹುಡಿಗಿ ಅದಾಳ ನೋಡು" ಎಂದಳು ಕಾಶೆವ್ವ. "ಸಾಕ ಬಾರವಾ, ಕರದ ಮಂದಿ ಕಡಿಂದ ಕೆಲಸಾ ಮಾಡಸ್ತಾರೇನ? ನಮ್ಮ ರಾಜೇಶ್ವರಿ ಬಾಜೂಕ ಕುಂಡ್ರು."

ಕೂತಳು. ಸಜ್ಜಿ ರೊಟ್ಟಿ ಬಂತು, ಎಣ್ಣೆಗಾಯಿ ಬಂತು, ಶೇಂಗಾ ಹೋಳಿಗೆಯ ಮೇಲೆ ತುಪ್ಪ ಬಂತು. ಪಕ್ಕದಲ್ಲಿ ರಾಜೇಶ್ವರಿ ನಗುತ್ತ, "ನಮ್ಮ ಕೊಕ್ಕರಿ ಏನಾದೂ? ಗೆದ್ದೂವಿಲ್ಲೋ?" ಎಂದು ಕೇಳಿದಳು. ಸುಮನ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಊಟದ ನಡುವೆಯೇ ಗುರುಪಾದನಿಗೆ ಮನೆಯ ನೆನಪಾಯಿತು. ಒಂದು ಮಾತು ಫೋನ್ ಮಾಡಿ ಬರುತ್ತೇನೆಂದು ಎದ್ದ. ಅವನು ಹೋಳಿಗೆಯ ಕೈಯನ್ನು ದೂರ ಹಿಡಿದುಕೊಂಡು ಬೋರಿನ ಕಡೆ ಹೋಗುವುದನ್ನು ಸುಮನ ನೋಡುತ್ತ ಕೂತಳು. ಅವನು ನಿಂತ. ಫೋನ್ ಕಿವಿಗೆ ಹಚ್ಚಲಿಲ್ಲ, ಕಣ್ಣ ಹತ್ತಿರ ಹಿಡಿದ. ತಿರುಗಿ ಬರುವಾಗ ಅವನ ಮುಖ ಬಿಳಿಚಿಕೊಂಡಿತ್ತು.

"ರಾಜೇಶ್ವರೀ, ಏನ ಮಾಡಿ ಬಂದಿ? ಸೋತ ಆಟ ಗೆದ್ದದ್ದು ಅಂತ ಬರದೀಯಲ್ಲ! ಆ ಕಡಿಂದ ನಾಕ ಸರತೆ ಕೇಳ್ಯಾರ, ಯಾರ ಬರದದ್ದಂತ. ನಿನ್ನ ಹೆಸರಲೆ ಐತಿ."

ರಾಜೇಶ್ವರಿಯ ಕೈ ತಟ್ಟೆಯ ಮೇಲೆಯೇ ನಿಂತಿತು. ಅವಳಿಗೆ ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಅದು ಅವಳ ಮುಖದಲ್ಲೇ ಕಂಡಿತು. ಬಾಯಿ ತೆರೆದಳು. ಅತ್ತೆಯ ಕಡೆ ನೋಡಿದಳು. ಹೊಲಕ್ಕೆ ಕರೆದ ಹುಡುಗಿಯನ್ನು ಊಟದ ಸಾಲಿನಲ್ಲಿ ತೋರಿಸಿಕೊಡುವುದು ಹೇಗೆಂದು ತಿಳಿಯದೆ ಬಾಯಿ ಮುಚ್ಚಿದಳು.

"ನಾ ಬರದೇನ್ರಿ," ಎಂದಳು ಸುಮನ. ಸ್ವರ ತನ್ನದಲ್ಲವೆನ್ನುವಷ್ಟು ಸಣ್ಣದಾಗಿ ಬಂತು. ಯಾರಿಗೂ ಕೇಳಿಸಲಿಲ್ಲವೇನೋ ಎಂದು ಎದ್ದು ನಿಂತು ಮತ್ತೆ ಹೇಳಿದಳು. "ಅಕ್ಕನ ಕುರ್ಚಿ ಮ್ಯಾಲೆ ನಾ ಇದ್ದೆ. ಆಟ ಮುಗಿದಿರಲಿಲ್ಲ. ನಾನ ಒತ್ತಿ ಎದ್ದ ಬಂದೆ."

ಗುರುಪಾದ ಬೈಯುತ್ತಾನೆಂದು ಎಲ್ಲರೂ ಕಾದರು. ಅವನು ಬೈಯಲಿಲ್ಲ. ಹಬ್ಬದ ದಿನ, ಮಂದಿಯ ಹೊಲ. ತಗ್ಗಿದ ದನಿಯಲ್ಲಿ ಹೇಳಿದ: "ಖರೆ ಹೇಳಿದ್ದು ಚೊಲೊ ಆತು. ನಾ ಈಗ ಹೋಗಿ ಒಂಬತ್ತು ಗೆಲುವು, ಎಂಟು ಸೋಲು ಅಂತ ತಿದ್ದತೇನಿ. ಆದ್ರ ಲಗಮಣ್ಣಗ ಒಂದು ನ್ಯಾಯ, ನಿನಗೊಂದು ನ್ಯಾಯ ಮಾಡಾಕ ಬರಂಗಿಲ್ಲವಾ. ನಾಳಿಯಿಂದ ಬರಬ್ಯಾಡ."

ಅವನು ಈಶ್ವರನನ್ನು ಕರೆದುಕೊಂಡು ಗಾಡಿಯ ಕಡೆ ನಡೆದ. ಸುಮನ ನಿಂತೇ ಇದ್ದಳು. ಅವ್ವನಿಗೆ ಏನು ಹೇಳುವುದೆಂಬ ಭಯ ಹತ್ತಿತು. ರಾಜೇಶ್ವರಿ ಅವಳ ಕೈ ಹಿಡಿದು ಕೆಳಗೆ ಕೂರಿಸಿದಳು. ರಾಜೇಶ್ವರಿಯ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು.

"ಕಿಡಕ್ಯಾಗಿಂದ ಒಂದು ಕೂಗು ಹಾಕಿ, 'ಅಕ್ಕಾ, ಇನ್ನೊಂದೀಟ ತಡೀರಿ' ಅಂದಿದ್ರ ಆಗತಿತ್ತಲ್ಲ? ನಾವು ಕಾಯತಿದ್ವಿ."

ಸುಮನ ಅವಳ ಮುಖ ನೋಡಿದಳು. ಆ ಮಾತು ಖರೆ ಇತ್ತು. ಕೂಗಿದ್ದರೆ ಈಶ್ವರ ಗೊಣಗುತ್ತಿದ್ದ, ಇನ್ನೊಮ್ಮೆ ಹಾರ್ನ್ ಹೊಡೆಯುತ್ತಿದ್ದ, ಆದರೂ ಕಾಯುತ್ತಿದ್ದ. ಅಷ್ಟು ಹೊತ್ತು ಕಿಟಕಿಯ ಪಕ್ಕದಲ್ಲೇ ಕೂತಿದ್ದವಳಿಗೆ ಕೂಗಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

"ನನ್ನ ಸಲುವಾಗಿ ಗಾಡಿ ನಿಲ್ಲಸ್ತೀರಿ ಅಂತ ನನಗ ಗೊತ್ತಿರಲಿಲ್ಲ್ರಿ ಅಕ್ಕಾ," ಎಂದಳು.