ಅಟ್ಟದ ಮೇಲಿನ ಸದ್ದು

ಯಾಳಿನಿ ಸತ್ತದ್ದು ತಿಳಿದದ್ದು ಸೋಮವಾರ ಬೆಳಿಗ್ಗೆ, ತೆಂಗಿನಕಾಯಿ ಇಳಿಸಲು ಕೂಲಿಯಾಳು ದುರ್ಗಯ್ಯ ಅಟ್ಟ ಹತ್ತಿದಾಗ. ಅವನು ಏಣಿಯ ಮೇಲೇ ನಿಂತುಬಿಟ್ಟ.

"ಅಮ್ಮಾವ್ರೇ, ನಿಮ್ ಹುಡುಗಿ ಇಲ್ಲೇ ಅವ್ಳೆ ಕಣ್ರೀ. ತಣ್ಣಗಾಗವ್ಳೆ."

ಮನೆಯೊಡತಿ ಗಿರಿಜಾಂಬಿಕಾ ವಿಭೂತಿ ಗಟ್ಟಿಯನ್ನು ಕೈಲಿ ಹಿಡಿದೇ ಅಂಗಳಕ್ಕೆ ಹೋದರು, ಒಳಗೆ ಬಂದರು, ಮತ್ತೆ ಹೋದರು. ಕೂರಲಾಗಲಿಲ್ಲ.

ಯಾಳಿನಿ ಶ್ರೀಲಂಕಾದ ಯುದ್ಧಕ್ಕೆ ಹೆದರಿ ಬಂದವರ ಮಗು. ತಮಿಳುನಾಡಿನ ನಿರಾಶ್ರಿತರ ಶಿಬಿರದಲ್ಲಿ ಗಂಡು ಹೆಸರಿನಲ್ಲಿ ಬೆಳೆದು, ಸೀರೆ ಉಟ್ಟದ್ದಕ್ಕೆ ಏಟು ತಿಂದು ಓಡಿಬಂದವಳು. ತಿಪಟೂರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. ಹೆದ್ದಾರಿಯಲ್ಲಿ ಲಾರಿಯವರೊಡನೆ ಹೋಗಿ ಹೊಟ್ಟೆ ಹೊರೆದಳು. ಅವಳಿಗೆ ಮನೆಯಲ್ಲಿ ಇರಲು ಜಾಗ ಕೊಟ್ಟಿದ್ದ ಗಿರಿಜಾಂಬಿಕಾ ಅವರಿಗೆ ಅದು ಗೊತ್ತಿತ್ತು. ಆದರೆ ದಿನವೂ ಪೂಜೆಯ ಹೊತ್ತಿಗೆ ವಿಭೂತಿಗಾಗಿ ಹಣೆಯೊಡ್ಡಿ, "ತಿರುನೀರು ಹಚ್ಚಿ ಅಮ್ಮ" ಎನ್ನುವವಳನ್ನು ಹೊರಗೆ ಹಾಕಲು ಮನಸ್ಸು ಬರಲಿಲ್ಲ.

ಶನಿವಾರ ಸಂಜೆ ಅವಳು ಹೊಟ್ಟೆ ಹಿಡಿದು ಬಂದಿದ್ದಳು. ಯಾವನೋ ಲಾರಿಯವನು ಒದ್ದಿದ್ದ.

"ಆಸ್ಪತ್ರೆಗೆ ನಡಿಯೇ."

"ಕಾರ್ಡ್ ಕೇಳ್ತಾರೆ ಅಮ್ಮ. ಕಾರ್ಡ್ ಪ್ರಕಾರ ನಾನು ಗಂಡಸು, ಕ್ಯಾಂಪಲ್ಲಿ ಇದೀನಿ. ಎರಡು ಕಡೆ ಇರೋಕೆ ನಾನೇನು ದೇವರಾ?" ಎಂದು ನಕ್ಕಳು.

ಅಷ್ಟರಲ್ಲಿ ಬೀದಿಯಲ್ಲಿ ಪೊಲೀಸ್ ಜೀಪು ನಿಂತಿತು. ಜೀಪು ಕಂಡರೆ ಅವಳು ಹಿತ್ತಲಿನಿಂದ ತೋಟ ದಾಟಿ ಗೆಳತಿಯ ಮನೆಗೆ ಓಡುವುದು ವಾಡಿಕೆ. ಗಿರಿಜಾಂಬಿಕಾ ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಅವಳಿರಲಿಲ್ಲ; ಓಡಿರಬೇಕು ಎಂದುಕೊಂಡರು. ಆ ನೋವಿನಲ್ಲಿ ಓಡಲಾರಳೆಂದು ಹೊಳೆಯಲೇ ಇಲ್ಲ.

ಭಾನುವಾರ ಅಟ್ಟದ ಮೇಲೆ ಲೊಟಲೊಟ ಸದ್ದಾಯಿತು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟರೆ, ಅಲ್ಲಾಡಿಸಿದಾಗ ಹಾಗೆ ಸದ್ದು ಬರುತ್ತದೆ. ಇಲಿ ಓಡಿದರೂ ಸದ್ದು ಮಾಡುವಷ್ಟು ಕೊಬ್ಬರಿ ಹದವಾಗಿದೆ ಎಂದು ಸಂತೋಷಪಟ್ಟು ಅವರೇ ದುರ್ಗಯ್ಯನಿಗೆ ಹೇಳಿಕಳುಹಿಸಿದ್ದರು.

ಇಲಿಯಲ್ಲ. ಓಡಲಾರದೆ ಅಟ್ಟ ಹತ್ತಿ ಅಡಗಿದ್ದವಳು, ಕೂಗಲು ತ್ರಾಣವಿಲ್ಲದೆ ಕಾಯಿ ಅಲ್ಲಾಡಿಸಿ ಕರೆದಿದ್ದಳು.

ದುರ್ಗಯ್ಯ ಠಾಣೆಗೆ ಫೋನ್ ಮಾಡಿದ. ನಡುವೆ ಫೋನಿಗೆ ಕೈ ಅಡ್ಡ ಹಿಡಿದು, "ಹೆಸ್ರು ಕೇಳ್ತಾವ್ರೆ. ಗೊತ್ತಿಲ್ಲ ಅಂದ್ಬುಡಿ. ಅನಾಥ ಹೆಣ ಅಂತ ಅವ್ರೇ ಮಣ್ಣು ಮಾಡ್ತಾರೆ. ಈ ವಯಸ್ಸಲ್ಲಿ ನಿಮಗ್ಯಾಕೆ ಸ್ಟೇಷನ್ನು?" ಎಂದ.

ಗಿರಿಜಾಂಬಿಕಾ ಫೋನ್ ಕಿತ್ತುಕೊಂಡರು. "ಯಾಳಿನಿ ಅಂತ ಬರ್ಕೊಳ್ಳಿ. ನಮ್ಮನೆಯವಳು. ನಿಮ್ಮ ಕೆಲಸ ಮುಗಿಸಿ ನನಗೇ ಕೊಡಿ. ನಮ್ಮ ತೋಟದಲ್ಲಿ ಜಾಗ ಐತೆ."

ಆಮೇಲೆ ಏಣಿ ಹತ್ತಿದರು. ದುರ್ಗಯ್ಯ ಬೇಡವೆನ್ನದೆ ಬುಡ ಹಿಡಿದ. ತಣ್ಣನೆಯ ಹಣೆಗೆ ವಿಭೂತಿ ಎಳೆದು, ಅಲ್ಲೇ ಕಾಯಿಗಳ ನಡುವೆ ಕೈಮುಗಿದರು.

"ಶಿವನೇ, ಓಡಿ ಓಡಿ ದಣಿದವಳು ಬರ್ತಿದ್ದಾಳೆ. ಗುರುತು ಕೇಳದೆ ಬಾಗಿಲು ತೆಗಿ. ನನಗೆ ತಿಳಿಯದೆ ಹೋದ ಆ ಕರೆ ನಿನಗೆ ಮುಟ್ಟಿರಲಿ. ನಿನ್ನ ಪಾದದಡಿಯಲ್ಲಿ ಅವಳು ನೆಮ್ಮದಿಯಾಗಿ ಮಲಗಲಿ."